ಮಾತ್ರಾಪ್ರಸ್ತಾರದ ಸಂಖ್ಯಾಶ್ರೇಣಿಗಳೂ ಗಣಕಯಂತ್ರದ ಕೋಷ್ಟಕವೂ

೧. ವಿಷಯಪ್ರವೇಶ

ಛಂದಶ್ಶಾಸ್ತ್ರದ ಗ್ರಂಥಗಳಲ್ಲಿ ಷಟ್ಪ್ರತ್ಯಯಗಳೆಂಬ ಪ್ರಕರಣವೊಂದು ಬರುವುದುಂಟು. ಪ್ರಸ್ತಾರ, ನಷ್ಟ, ಉದ್ದಿಷ್ಟ, ಲಗಕ್ರಿಯೆ, ಸಂಖ್ಯೆ, ಅಧ್ವಯೋಗ ಎಂಬ ಈ ಆರು ವಿಧಾನಗಳು ಪದ್ಯದ ರಸವನ್ನಾಗಲಿ ಸೊಗಸನ್ನಾಗಲಿ ಕುರಿತುವಲ್ಲ. ಗುರುಲಘುಗಳನ್ನು ಎಷ್ಟು ಬಗೆಯಾಗಿ ಜೋಡಿಸಬಹುದು, ಆ ಜೋಡಣೆಗಳ ಕ್ರಮವೇನು, ಇಂತಿಷ್ಟನೆಯ ಜೋಡಣೆ ಯಾವುದು ಎಂಬ ಪ್ರಶ್ನೆಗಳಿಗೆ ಅವು ಉತ್ತರ ಹೇಳುವುವು. ಪಿಂಗಳನ ಛಂದಸ್ಸೂತ್ರಗಳ ಕೊನೆಯ ಅಧ್ಯಾಯದಲ್ಲಿ ಬೀಜರೂಪವಾಗಿರುವ ಈ ವಿಚಾರವು ಕೇದಾರಭಟ್ಟನ ವೃತ್ತರತ್ನಾಕರದಲ್ಲಿಯೂ, ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹುಟ್ಟಿದ ನಾಗವರ್ಮನ ಛಂದೋಂಬುಧಿಯಲ್ಲಿಯೂ ನಿರೂಪಿತವಾಗಿದೆ. ಛಂದೋಂಬುಧಿಯನ್ನು ಕಿಟ್ಟೆಲರು ೧೮೭೫ರಲ್ಲಿ ಅಚ್ಚು ಮಾಡಿಸಿದಂದಿನಿಂದ ಈ ಭಾಗವೂ ವಿದ್ವಾಂಸರಿಗೆ ಸುಲಭವಾಗಿ ದೊರೆಯುತ್ತಿದೆ.

ಆದರೆ ದೊರೆಯುವುದು ಬೇರೆ, ಪಾಠವಾಗುವುದು ಬೇರೆ. ಸಾಹಿತ್ಯದ ತರಗತಿಯಲ್ಲಿ ಗಣಗಳ ಹೆಸರುಗಳೂ ಷಟ್ಪದಿಗಳ ಲಕ್ಷಣಗಳೂ ಕಂಠಸ್ಥವಾದ ಮೇಲೆ ಷಟ್ಪ್ರತ್ಯಯವನ್ನು ಒಣ ಲೆಕ್ಕವೆಂದು ಕೈಬಿಡುವುದು ಸುಲಭ. ಇತ್ತ ಗಣಿತದ ತರಗತಿಯಲ್ಲಿ ೧, ೨, ೩, ೫, ೮, ೧೩ ಎಂಬ ಶ್ರೇಣಿಯನ್ನು ಸ್ಪ್ರೆಡ್‌ಶೀಟ್ ಎಂದು ಹೆಸರಾದ ಗಣಕಯಂತ್ರದ ಕೋಷ್ಟಕದಲ್ಲಿ ಬರೆಯಿಸಿ, ನಕ್ಷೆಯನ್ನು ಎಳೆಯಿಸಿ, ಇಟಲಿಯ ಫಿಬೊನಾಚ್ಚಿಯ ಮೊಲಗಳ ಕಥೆಯನ್ನು ಹೇಳಿ ಮುಗಿಸುವುದುಂಟು. ಒಂದೇ ವಸ್ತುವಿನ ಎರಡು ಅರ್ಧಗಳು ಹೀಗೆ ಎರಡು ಕೋಣೆಗಳಲ್ಲಿ ಉಳಿದುಬಿಡುತ್ತವೆ. ಮೊದಲನೆಯ ಕೋಣೆಯ ವಿದ್ಯಾರ್ಥಿಗೆ ನಿಯಮ ತಿಳಿದಿದ್ದರೂ ಅದರ ಫಲವೇನೆಂಬುದು ಕಾಣದು. ಎರಡನೆಯ ಕೋಣೆಯವನಿಗೆ ಸಂಖ್ಯೆ ಕಂಡರೂ ಅದರ ಕಾರಣ ಕಾಣದು.

ಈ ಎರಡನ್ನೂ ಕೂಡಿಸುವ ಬಗೆ ಹೇಗೆ, ಕೂಡಿಸುವುದರಲ್ಲಿ ಯಂತ್ರದ ಪಾಲೆಷ್ಟು, ಉಪಾಧ್ಯಾಯನ ಪಾಲೆಷ್ಟು ಎಂಬುದೇ ಪ್ರಕೃತ ವಿಚಾರ.

೨. ಶ್ರೇಣಿಯ ಪೂರ್ವೋತ್ತರ

ಮೊದಲು ಈ ಶ್ರೇಣಿಯ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬೇಕು. ಫಿಬೊನಾಚ್ಚಿ ಎಂದು ಪ್ರಸಿದ್ಧನಾದ ಪೀಸಾ ನಗರದ ಲಿಯೊನಾರ್ಡೋ ತನ್ನ ಲಿಬೆರ್ ಅಬಾಚಿ ಎಂಬ ಗ್ರಂಥವನ್ನು ಬರೆದುದು ೧೨೦೨ರಲ್ಲಿ. ಶ್ರೇಣಿಗೆ ಅವನ ಹೆಸರು ರೂಢಿಗೆ ಬಂದುದು ೧೯ನೆಯ ಶತಮಾನದಲ್ಲಿ, ಫ್ರೆಂಚ್ ಗಣಿತಜ್ಞನಾದ ಎದುಆರ್ ಲ್ಯೂಕಾನಿಂದ. ಇದಕ್ಕೆ ಬಹು ಹಿಂದೆಯೇ, ಆರರಿಂದ ಎಂಟನೆಯ ಶತಮಾನಗಳ ನಡುವಣವನೆಂದು ಎಣಿಸಲಾಗಿರುವ ವಿರಹಾಂಕನು ಪ್ರಾಕೃತದಲ್ಲಿ ರಚಿಸಿದ ವೃತ್ತಜಾತಿಸಮುಚ್ಚಯದಲ್ಲಿ ಮಾತ್ರಾವೃತ್ತಗಳ ಸಂಖ್ಯೆಯನ್ನು ಹೇಳುತ್ತ, ಹಿಂದಿನ ಎರಡು ಸಂಖ್ಯೆಗಳ ಮೊತ್ತವೇ ಮುಂದಿನ ಸಂಖ್ಯೆಯೆಂಬ ನಿಯಮವನ್ನು ಸೂಚಿಸಿದ್ದಾನೆ. ೧೧೩೫ಕ್ಕೆ ಹಿಂದಿನ ಗೋಪಾಲನ ವ್ಯಾಖ್ಯಾನದಲ್ಲಿಯೂ ಸುಮಾರು ೧೧೫೦ರ ಹೇಮಚಂದ್ರನ ಛಂದೋನುಶಾಸನದಲ್ಲಿಯೂ ಅದು ವಿಶದವಾಗಿದೆ. ಪರಮಾನಂದ ಸಿಂಗ್ ಅವರು ೧೯೮೫ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಸಂಗತಿಗಳು ಗಣಿತದ ಇತಿಹಾಸಕಾರರಿಗೆ ಚೆನ್ನಾಗಿ ಪರಿಚಿತವಾದುವು.

ಯಾರು ಮೊದಲಿಗರೆಂಬ ಹೆಮ್ಮೆಗಾಗಿ ಈ ಮಾತನ್ನೆತ್ತಿದುದಲ್ಲ. ಮೊಲಗಳ ಕಥೆ ಒಂದು ಕಲ್ಪಿತ ಸಮಸ್ಯೆ. ಮಾತ್ರೆಗಳಾದರೋ ವಿದ್ಯಾರ್ಥಿಯ ನಾಲಗೆಯ ಮೇಲೆಯೇ ಇರುವುವು. ಅವನು ಓದುವ ಕುಮಾರವ್ಯಾಸನ ಒಂದೊಂದು ಸಾಲಿನಲ್ಲಿಯೂ ಈ ಎಣಿಕೆ ನಡೆದಿರುತ್ತದೆ. ಕಾರಣವನ್ನು ಅರಸಲು ಅವನು ಪರಸ್ಥಳಕ್ಕೆ ಹೋಗಬೇಕಾಗಿಲ್ಲವೆಂಬುದೇ ಇಲ್ಲಿಯ ಪ್ರಯೋಜನ.

೩. ಮೊದಲು ಕೈಬರೆಹ

ಪಾಠವು ಯಂತ್ರದಿಂದ ಆರಂಭವಾಗಬಾರದು, ಪ್ರಸ್ತಾರದಿಂದ ಆರಂಭವಾಗತಕ್ಕದ್ದು. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು ಮಾತ್ರೆ. ಗುರುವನ್ನು ಗ ಎಂದೂ ಲಘುವನ್ನು ಲ ಎಂದೂ ಬರೆದುಕೊಂಡರೆ ಒಂದು ಮಾತ್ರೆಗೆ ಲ ಎಂಬ ಒಂದೇ ರೂಪ. ಎರಡಕ್ಕೆ ಗ, ಲಲ ಎಂಬ ಎರಡು. ಮೂರಕ್ಕೆ ಲಗ, ಗಲ, ಲಲಲ ಎಂಬ ಮೂರು. ನಾಲ್ಕಕ್ಕೆ ಗಗ, ಲಲಗ, ಲಗಲ, ಗಲಲ, ಲಲಲಲ ಎಂಬ ಐದು. ಇಷ್ಟನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕೈಯಿಂದಲೇ ಬರೆಯಬೇಕು.

ಇಲ್ಲಿ ನಿಲ್ಲಿಸಿ, ಐದು ಮಾತ್ರೆಗೆ ಎಷ್ಟು ರೂಪಗಳಾಗಬಹುದೆಂದು ಕೇಳಬೇಕು. ೧, ೨, ೩, ೫ ಎಂಬುದನ್ನು ಕಂಡವನು ಮುಂದಿನದು ೭ ಎಂದರೆ ಆಶ್ಚರ್ಯವಿಲ್ಲ. ೨, ೩, ೫, ೭ ಎಂಬ ಅವಿಭಾಜ್ಯ ಸಂಖ್ಯೆಗಳು ಅವನಿಗೆ ಪರಿಚಿತವಾಗಿರುವುವು. ಹಿಂದಿನ ಎರಡನ್ನು ಕೂಡಿದವನು ೮ ಎನ್ನುವನು. ಕಣ್ಣಿಗೆ ಕಾಣುವ ನಾಲ್ಕು ಸಂಖ್ಯೆಗಳಿಂದ ಈ ಇಬ್ಬರಲ್ಲಿ ಯಾರು ಸರಿಯೆಂದು ತೀರ್ಮಾನಿಸಲಾಗದು. ಯಂತ್ರವನ್ನು ಕೇಳಿದರೆ ಇನ್ನೂ ವಿಚಿತ್ರವಾದ ಉತ್ತರ ಬರುವುದು. ಎಕ್ಸೆಲ್ ಎಂಬ ಕೋಷ್ಟಕದಲ್ಲಿ ೧, ೨, ೩, ೫ ಎಂದು ನಾಲ್ಕು ಕೋಷ್ಠಗಳನ್ನು ತುಂಬಿ, ಅವನ್ನು ಹಿಡಿದು ಕೆಳಕ್ಕೆ ಎಳೆದರೆ, ಅದು ೬, ೭.೩, ೮.೬ ಎಂದು ಮುಂದುವರಿಸುವುದು. ಕೊಟ್ಟ ನಾಲ್ಕು ಸಂಖ್ಯೆಗಳಿಗೆ ಅತ್ಯಂತ ಸಮೀಪವಾದ ಸರಳರೇಖೆಯೊಂದನ್ನು ಒಳಗೊಳಗೇ ಎಳೆದು ಅದರ ಮೇಲೆ ನಡೆಯುವುದು ಆ ಯಂತ್ರದ ಕ್ರಮ. ಏಳೂ ಹತ್ತರಲ್ಲಿ ಮೂರು ಭಾಗದಷ್ಟು ಪ್ರಸ್ತಾರಗಳೆಂದರೇನೆಂದು ಅದು ಕೇಳಿಕೊಳ್ಳುವುದಿಲ್ಲ.

ಈಗ ಐದು ಮಾತ್ರೆಯ ಪ್ರಸ್ತಾರವನ್ನು ಶಾಸ್ತ್ರಕ್ರಮದಲ್ಲಿ ಬರೆಯಿಸಬೇಕು:

ಲಗಗ, ಗಲಗ, ಲಲಲಗ;
ಗಗಲ, ಲಲಗಲ, ಲಗಲಲ, ಗಲಲಲ, ಲಲಲಲಲ.

ಒಟ್ಟು ಎಂಟು. ಆದರೆ ಎಂಟೆಂಬುದಕ್ಕಿಂತ ಮುಖ್ಯವಾದುದು ಈ ಪಟ್ಟಿಯ ಏರ್ಪಾಡು. ಮೊದಲನೆಯ ಸಾಲಿನ ಮೂರೂ ಗುರುವಿನಿಂದ ಮುಗಿಯುವುವು. ಆ ಕೊನೆಯ ಗುರುವನ್ನು ಮುಚ್ಚಿದರೆ ಉಳಿಯುವುದು ಮೂರು ಮಾತ್ರೆಯ ಪ್ರಸ್ತಾರವೇ, ಅದೂ ಅದೇ ಕ್ರಮದಲ್ಲಿ. ಎರಡನೆಯ ಸಾಲಿನ ಐದೂ ಲಘುವಿನಿಂದ ಮುಗಿಯುವುವು; ಆ ಲಘುವನ್ನು ಮುಚ್ಚಿದರೆ ನಾಲ್ಕು ಮಾತ್ರೆಯ ಪ್ರಸ್ತಾರವು ಹಾಗೆಯೇ ನಿಂತಿರುತ್ತದೆ. ಯಾವ ಜೋಡಣೆಯಾದರೂ ಗುರುವಿನಿಂದಲೋ ಲಘುವಿನಿಂದಲೋ ಮುಗಿಯಲೇಬೇಕಾದುದರಿಂದ ಮೂರೂ ಐದೂ ಸೇರಿ ಎಂಟಾಗುವುದು ಅನಿವಾರ್ಯ. ಇದು ಎಷ್ಟು ಮಾತ್ರೆಗಾದರೂ ಸಲ್ಲುವುದು. ೭ ಎಂದವನ ಊಹೆ ಬಿದ್ದುಹೋದುದು ಸಂಖ್ಯೆಯ ಬಲದಿಂದಲ್ಲ, ಕಾರಣದ ಬಲದಿಂದ. ವಿರಹಾಂಕನ ನಿಯಮವನ್ನು ವಿದ್ಯಾರ್ಥಿಯು ಈಗ ನಂಬುವುದಿಲ್ಲ, ಕಾಣುತ್ತಾನೆ.

೪. ಬಳಿಕ ಕೋಷ್ಠಗಳು

ಕಾರಣ ತಿಳಿದ ಮೇಲೆ ಯಂತ್ರಕ್ಕೆ ಕೆಲಸವನ್ನು ಒಪ್ಪಿಸಬಹುದು. ಸ್ಪ್ರೆಡ್‌ಶೀಟ್ ಎಂಬುದು ಅಡ್ಡಸಾಲು ಕಂಬಸಾಲುಗಳು ಕೂಡುವಲ್ಲಿ ಉಂಟಾಗುವ ಮನೆಗಳ ಹಾಸು. ಒಂದು ಮನೆಯಲ್ಲಿ ಸಂಖ್ಯೆಯನ್ನಾದರೂ ಬರೆಯಬಹುದು, ಬೇರೆ ಮನೆಗಳ ಸಂಖ್ಯೆಗಳನ್ನು ಬಳಸಿಕೊಳ್ಳುವ ಸೂತ್ರವನ್ನಾದರೂ ಬರೆಯಬಹುದು. ೧೯೭೯ರಲ್ಲಿ ವಿಸಿಕ್ಯಾಲ್ಕ್ ಎಂಬ ಹೆಸರಿನಿಂದ ವ್ಯಾಪಾರದ ಲೆಕ್ಕಕ್ಕಾಗಿ ಬಂದ ಈ ಸಾಧನವು ಛಂದಸ್ಸಿನ ಅಭ್ಯಾಸಿಗೆ ತೀರ ಹೊಸದೇನೂ ಅಲ್ಲ. ಹತ್ತನೆಯ ಶತಮಾನದ ಹಲಾಯುಧನು ಪಿಂಗಳನ ಸೂತ್ರಕ್ಕೆ ವ್ಯಾಖ್ಯಾನ ಬರೆಯುತ್ತ ಮೇರುಪ್ರಸ್ತಾರವನ್ನು ಕೋಷ್ಠಗಳಿಂದಲೇ ವಿವರಿಸಿದ್ದಾನೆ: ಮೇಲೆ ಒಂದು ಕೋಷ್ಠ, ಅದರ ಕೆಳಗೆ ಎರಡು, ಅದರ ಕೆಳಗೆ ಮೂರು, ಅಂಚಿನ ಕೋಷ್ಠಗಳಲ್ಲಿ ಒಂದು, ನಡುವಣ ಕೋಷ್ಠದಲ್ಲಿ ಮೇಲಿನ ಎರಡರ ಮೊತ್ತ. ಈ ಹಾಸಿನ ಮನೆಗಳನ್ನೂ ಕೋಷ್ಠಗಳೆಂದೇ ಕರೆಯುವುದರಿಂದ ಯಾವ ತೊಡಕೂ ಇಲ್ಲ.

ಎ ಎಂಬ ಕಂಬಸಾಲಿನಲ್ಲಿ ಮಾತ್ರೆಗಳ ಸಂಖ್ಯೆಯನ್ನು ೧ರಿಂದ ಕೆಳಕ್ಕೆ ಬರೆದು, ಬಿ ಕಂಬಸಾಲಿನ ಮೊದಲೆರಡು ಕೋಷ್ಠಗಳಲ್ಲಿ ೧, ೨ ಎಂದು ತುಂಬಿ, ಬಿ೩ರಲ್ಲಿ ಬಿ೧, ಬಿ೨ಗಳ ಮೊತ್ತವೆಂಬ ಸೂತ್ರವನ್ನಿಟ್ಟು ಕೆಳಕ್ಕೆ ಎಳೆದರೆ ೧, ೨, ೩, ೫, ೮, ೧೩, ೨೧, ೩೪, ೫೫, ೮೯ ಎಂದು ಸಾಲು ಇಳಿಯುವುದು. ಹಿಂದೆ ಎಳೆದಾಗ ಯಂತ್ರವು ತನ್ನ ಊಹೆಯನ್ನು ಮುಂದುವರಿಸಿತು. ಈಗ ಎಳೆದಾಗ ವಿದ್ಯಾರ್ಥಿಯ ನಿಯಮವನ್ನು ಮುಂದುವರಿಸುವುದು. ಕೈಯ ಚಲನೆ ಒಂದೇ ಆದರೂ ಎರಡಕ್ಕೂ ಇರುವ ಭೇದವನ್ನು ಉಪಾಧ್ಯಾಯನು ಬಾಯಿಬಿಟ್ಟು ಹೇಳಬೇಕು.

ಎರಡನೆಯ ಅಭ್ಯಾಸವಾಗಿ ಮೇರುವನ್ನೇ ಕೋಷ್ಟಕದಲ್ಲಿ ಕಟ್ಟಿಸಬಹುದು. ಏಳು ಮಾತ್ರೆಯ ೨೧ ರೂಪಗಳಲ್ಲಿ ಗುರುವಿಲ್ಲದುದು ೧, ಒಂದು ಗುರುವಿರುವುವು ೬, ಎರಡಿರುವುವು ೧೦, ಮೂರಿರುವುವು ೪. ಈ ೧, ೬, ೧೦, ೪ ಎಂಬುವು ಮೇರುವಿನಲ್ಲಿ ಒಂದು ಅಡ್ಡಸಾಲಿನಲ್ಲಿ ದೊರೆಯುವುದಿಲ್ಲ. ಓರೆಯಾಗಿ ಮೇಲೇರುತ್ತ ಹೋದರೆ ದೊರೆಯುವುವು. ಕಾರಣವೂ ಸರಳವೇ. ಎರಡು ಲಘುಗಳನ್ನು ತೆಗೆದು ಒಂದು ಗುರುವನ್ನಿಟ್ಟರೆ ಮಾತ್ರೆಗಳು ಅಷ್ಟೇ ಉಳಿದರೂ ಅಕ್ಷರವೊಂದು ಕಡಮೆಯಾಗುವುದು. ಆದಕಾರಣ ಒಂದೊಂದು ಗುರು ಹೆಚ್ಚಿದಂತೆ ಮೇರುವಿನಲ್ಲಿ ಒಂದೊಂದು ಸಾಲು ಮೇಲಕ್ಕೆ ಹೋಗಬೇಕಾಗುವುದು. ಲಗಕ್ರಿಯೆ, ಸಂಖ್ಯೆ ಎಂಬ ಎರಡು ಪ್ರತ್ಯಯಗಳ ಸಂಬಂಧ ಇದರಿಂದ ವ್ಯಕ್ತವಾಗುವುದು.

ಮೂರನೆಯ ಅಭ್ಯಾಸ ನಷ್ಟವಿಧಿ. ವರ್ಣಪ್ರಸ್ತಾರದ ಇಂತಿಷ್ಟನೆಯ ಸಾಲು ಅಳಿಸಿಹೋಗಿದೆ, ಅದು ಯಾವುದು? ಸಂಖ್ಯೆ ಸಮವಾದರೆ ಲಘುವನ್ನಿಟ್ಟು ಅರ್ಧ ಮಾಡಬೇಕು. ಬೆಸವಾದರೆ ಗುರುವನ್ನಿಟ್ಟು, ಒಂದನ್ನು ಕೂಡಿ, ಅರ್ಧ ಮಾಡಬೇಕು. ಮೂರಕ್ಷರದ ಪ್ರಸ್ತಾರದಲ್ಲಿ ಆರನೆಯದನ್ನು ಕೇಳಿದರೆ, ಆರು ಸಮ, ಲಘು. ಮೂರು ಬೆಸ, ಗುರು. ಮೂರಕ್ಕೆ ಒಂದು ಕೂಡಿ ಅರ್ಧ ಮಾಡಿದರೆ ಎರಡು, ಸಮ, ಲಘು. ಲಗಲ, ಅಂದರೆ ಜಗಣ. ಮ, ಯ, ರ, ಸ, ತ, ಜ, ಭ, ನ ಎಂಬ ಕ್ರಮದಲ್ಲಿ ಆರನೆಯದು ಜಗಣವೇ ಅಷ್ಟೆ. ವಿದ್ಯಾರ್ಥಿಯು ಬಾಲ್ಯದಿಂದ ಉರುಹೊಡೆದ ಗಣಕ್ರಮವು ಬರಿಯ ಸಂಪ್ರದಾಯವಲ್ಲ, ಪ್ರಸ್ತಾರದ ಕ್ರಮ ಎಂಬ ಅರಿವು ಇಲ್ಲಿ ಉಂಟಾಗುವುದು. ಸಮಬೆಸಗಳ ಈ ವಿಧಿಯನ್ನು ಮೂರು ಕೋಷ್ಠಗಳ ಸೂತ್ರವಾಗಿ ಬರೆಯುವುದು ಪ್ರೌಢಶಾಲೆಯ ವಿದ್ಯಾರ್ಥಿಗೂ ಅಸಾಧ್ಯವಲ್ಲ.

೫. ನಕ್ಷೆಯಿಂದ ತಿಳಿಯುವುದು

ಸಂಖ್ಯೆಗಳ ಸಾಲನ್ನು ನಕ್ಷೆಯಾಗಿ ಎಳೆದಾಗ ಬೆಳವಣಿಗೆಯ ಬಗೆ ಕಣ್ಣಿಗೆ ಬೀಳುವುದು. ಇದಕ್ಕೆ ಕೋಷ್ಟಕದಲ್ಲಿರುವ ಸೌಲಭ್ಯವೇ ಸಾಕು. ಜಿಯೊಜೀಬ್ರಾದಂತಹ ನಕ್ಷೆಯ ಸಾಧನವಿದ್ದರೆ ಇನ್ನೂ ಅನುಕೂಲ. ವರ್ಣವೃತ್ತಗಳ ಸಂಖ್ಯೆ ಅಕ್ಷರ ಹೆಚ್ಚಿದಂತೆಲ್ಲ ಇಮ್ಮಡಿಯಾಗುವುದು: ೨, ೪, ೮, ೧೬, ೩೨. ಮಾತ್ರಾವೃತ್ತಗಳದು ಅಷ್ಟು ವೇಗವಾಗಿ ಏರುವುದಿಲ್ಲ. ಎರಡನ್ನೂ ಒಂದೇ ನಕ್ಷೆಯಲ್ಲಿಟ್ಟರೆ ಮಾತ್ರೆಯ ರೇಖೆ ಕೆಳಗೆ ಉಳಿಯುವುದು. ನಿಂತ ಅಕ್ಷದಲ್ಲಿ ಸಮದೂರಗಳು ಸಮಾನವಾದ ಕೂಡಿಕೆಯನ್ನು ತೋರಿಸುವ ಬದಲು ಸಮಾನವಾದ ಗುಣಾಕಾರವನ್ನು ತೋರಿಸುವಂತೆ ಮಾಡಿದರೆ, ಅಂದರೆ ಲಾಗರಿತಮ್ ಅಳತೆಯನ್ನು ಹಿಡಿದರೆ, ವರ್ಣಗಳ ಬಿಂದುಗಳು ಸರಳರೇಖೆಯ ಮೇಲೆಯೇ ನಿಲ್ಲುವುವು. ಮಾತ್ರೆಗಳ ಬಿಂದುಗಳು ಮೊದಲು ಸ್ವಲ್ಪ ಅತ್ತಿತ್ತ ಹೊಯ್ದಾಡಿ ಬೇಗನೆ ಬೇರೊಂದು ಸರಳರೇಖೆಯನ್ನು ಸೇರುವುವು.

ಆ ಹೊಯ್ದಾಟವನ್ನು ನೋಡಬೇಕಾದರೆ ಒಂದೊಂದು ಸಂಖ್ಯೆಯನ್ನು ಅದರ ಹಿಂದಿನದರಿಂದ ಭಾಗಿಸಿ ಮತ್ತೊಂದು ಕಂಬಸಾಲನ್ನು ಮಾಡಬೇಕು: ೨, ೧.೫, ೧.೬೬೭, ೧.೬, ೧.೬೨೫, ೧.೬೧೫, ೧.೬೧೯. ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಪ್ರತಿಸಲವೂ ಅಂತರ ಕುಗ್ಗುತ್ತ, ಸುಮಾರು ೧.೬೧೮ರ ಕಡೆಗೆ ಈ ಸಾಲು ಸಾಗುವುದು. ಒಂದಕ್ಕೆ ಐದರ ವರ್ಗಮೂಲವನ್ನು ಕೂಡಿ ಅರ್ಧಮಾಡಿದರೆ ಬರುವ ಸಂಖ್ಯೆ ಇದೇ. ಇಷ್ಟರಿಂದಲೇ ಕಾವ್ಯದ ಸೌಂದರ್ಯಕ್ಕೆ ಇಲ್ಲೊಂದು ಗುಟ್ಟು ಸಿಕ್ಕಿತೆಂದು ಹೇಳುವ ಚಾಪಲ್ಯವನ್ನು ತಡೆಯತಕ್ಕದ್ದು. ಈ ಸಂಖ್ಯೆ ಹೇಳುವುದಿಷ್ಟೇ: ಮಾತ್ರೆಯೊಂದು ಹೆಚ್ಚಿದರೆ ರೂಪಗಳು ಒಂದೂವರೆಗಿಂತ ತುಸು ಹೆಚ್ಚು ಪಾಲು ಬೆಳೆಯುವುವು. ಕವಿಯು ಅವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುವನೆಂಬುದನ್ನು ಅದು ಹೇಳದು.

೬. ಷಟ್ಪದಿಯ ಪರೀಕ್ಷೆ

ಇಲ್ಲಿಯವರೆಗಿನದು ಎಲ್ಲ ಭಾಷೆಗಳ ಮಾತ್ರಾಛಂದಸ್ಸಿಗೂ ಸಾಮಾನ್ಯ. ಕನ್ನಡದ ಷಟ್ಪದಿಗೆ ಬಂದಾಗ ಎರಡು ಹೊಸ ನಿಯಮಗಳು ಅಡ್ಡ ಬರುವುವು. ಮೊದಲನೆಯದು, ಸಾಲು ಗಣಗಳಾಗಿ ಒಡೆಯಬೇಕು. ಯಾವ ಗುರುವೂ ಎರಡು ಗಣಗಳ ಗಡಿಯ ಮೇಲೆ ಕಾಲು ಚಾಚಿ ನಿಲ್ಲಬಾರದು. ಎರಡನೆಯದು, ಯಾವ ಗಣವೂ ಲಘುವಿನ ಬೆನ್ನಿಗೆ ಗುರುವನ್ನಿಟ್ಟು ಆರಂಭವಾಗಬಾರದು. ಲಗ, ಲಗಲ ಮುಂತಾದ ಲಗಾದಿಗಣಗಳು ನಡೆಯನ್ನು ಎಡವಿಸುತ್ತವೆಯೆಂಬುದು ಓದುಗನ ಕಿವಿಗೂ ಗೊತ್ತು. ಈ ನಿಯಮಗಳು ಸಂಖ್ಯೆಯನ್ನು ಹೇಗೆ ಕಡಮೆ ಮಾಡುವುವು?

ಭಾಮಿನೀಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ಜೋಡಿಯನ್ನು ತೆಗೆದುಕೊಳ್ಳಬಹುದು. ಗಣವಿಭಾಗವಿಲ್ಲದಿದ್ದರೆ ಏಳು ಮಾತ್ರೆಗೆ ೨೧ ರೂಪಗಳು. ವಿಭಾಗವಿದ್ದರೆ ೩ನ್ನು ೫ರಿಂದ ಗುಣಿಸಿ ೧೫. ಉಳಿದ ಆರು ಎಲ್ಲಿ ಹೋದುವು? ಮೂರನೆಯ ನಾಲ್ಕನೆಯ ಮಾತ್ರೆಗಳೆರಡನ್ನೂ ಒಂದೇ ಗುರು ಆಕ್ರಮಿಸಿದ ರೂಪಗಳು ಅವು: ಅದರ ಮುಂಚೆ ಎರಡು ಮಾತ್ರೆಗೆ ೨ ರೂಪಗಳು, ಅನಂತರ ಮೂರು ಮಾತ್ರೆಗೆ ೩ ರೂಪಗಳು, ಒಟ್ಟು ೬. ಲೆಕ್ಕ ಸರಿಹೋಯಿತು, ಗಡಿಯ ನಿಯಮದ ಬೆಲೆಯೂ ತಿಳಿಯಿತು.

ಇನ್ನು ಲಗಾದಿಯ ನಿಷೇಧ. ಕೋಷ್ಟಕದ ಸಿ ಎಂಬ ಕಂಬಸಾಲಿನಲ್ಲಿ, ಒಟ್ಟು ರೂಪಗಳಿಂದ ಲಗಾದಿಯಾದುವನ್ನು ಕಳೆದು ಬರೆಯಿಸಬೇಕು. ಲಗ ಎಂಬುದು ಮೂರು ಮಾತ್ರೆಗಳನ್ನು ನುಂಗುವುದರಿಂದ, ಅದರಿಂದ ಆರಂಭವಾಗುವ ರೂಪಗಳು ಮೂರು ಮಾತ್ರೆ ಕಡಮೆಯಾದ ಪ್ರಸ್ತಾರದಷ್ಟು. ಐದು ಮಾತ್ರೆಗೆ ೮ರಲ್ಲಿ ೨ ಕಳೆದು ೬. ಆರಕ್ಕೆ ೧೩ರಲ್ಲಿ ೩ ಕಳೆದು ೧೦. ಏಳಕ್ಕೆ ೨೧ರಲ್ಲಿ ೫ ಕಳೆದು ೧೬. ಮೂರು ಮಾತ್ರೆಯಿಂದ ಆರಂಭಿಸಿ ಓದಿದರೆ ಸಾಲು ಹೀಗಿರುವುದು:

೨, ೪, ೬, ೧೦, ೧೬, ೨೬, ೪೨.

ಅರ್ಧ ಮಾಡಿ ನೋಡಿದರೆ ೧, ೨, ೩, ೫, ೮, ೧೩, ೨೧. ತೆಗೆದುಹಾಕಿದ ಶ್ರೇಣಿಯೇ ಇಮ್ಮಡಿಯಾಗಿ, ಎರಡು ಮೆಟ್ಟಿಲು ಕೆಳಗಿನಿಂದ ಮತ್ತೆ ಹುಟ್ಟಿ ಬಂದಿದೆ. ಕಳೆಯುವ ಲೆಕ್ಕದಿಂದ ಇಮ್ಮಡಿಸುವ ಲೆಕ್ಕ ಹೇಗೆ ಬಂದಿತೆಂಬುದು ಕೋಷ್ಟಕವನ್ನು ಎಷ್ಟು ಕೆಳಕ್ಕೆ ಎಳೆದರೂ ತಿಳಿಯದು. ಸಾವಿರ ಸಾಲುಗಳವರೆಗೆ ಸರಿಹೋದರೂ ಅದು ಸಾಕ್ಷ್ಯವೇ ಹೊರತು ಕಾರಣವಲ್ಲ.

ಕಾರಣವಿರುವುದು ಗಣದ ಆರಂಭದಲ್ಲಿ. ಲಗಾದಿಯಲ್ಲದ ಗಣವು ಎರಡೇ ಬಗೆಯಾಗಿ ಆರಂಭವಾಗಬಲ್ಲುದು: ಗುರುವಿನಿಂದ, ಇಲ್ಲವೆ ಎರಡು ಲಘುಗಳಿಂದ. ಎರಡೂ ಎರಡೆರಡು ಮಾತ್ರೆಯವೇ. ಅನಂತರ ಉಳಿದ ಮಾತ್ರೆಗಳನ್ನು ಮನಬಂದಂತೆ ತುಂಬಬಹುದು. ಆದುದರಿಂದ ಗಣರೂಪಗಳು, ಎರಡು ಮಾತ್ರೆ ಕಡಮೆಯಾದ ಪ್ರಸ್ತಾರದ ಇಮ್ಮಡಿ. ಇಷ್ಟೇ ಸಮಾಧಾನ. ನಿಷೇಧವಾಗಿ ಹೇಳಿದ್ದ ನಿಯಮವು ಇಲ್ಲಿ ವಿಧಿಯಾಗಿ ಮಾರ್ಪಟ್ಟಿತು: 'ಲಗದಿಂದ ತೊಡಗಬಾರದು' ಎಂಬುದರ ಅರ್ಥ 'ಗಣದ ಮೊದಲ ಎರಡು ಮಾತ್ರೆಗಳು ಒಂದು ಘಟಕವಾಗಿ ನಿಲ್ಲಬೇಕು' ಎಂದು. ಸಂಖ್ಯೆಯ ಒಗಟನ್ನು ಬಿಡಿಸಹೋದ ವಿದ್ಯಾರ್ಥಿಯ ಕೈಗೆ ಷಟ್ಪದಿಯ ನಡೆಯನ್ನು ಕುರಿತ ಒಂದು ತಿಳಿವಳಿಕೆ ದೊರೆಯಿತು.

ಇದರ ಆಧಾರದ ಮೇಲೆ ಷಟ್ಪದಿಗಳ ಚಿಕ್ಕ ಸಾಲುಗಳನ್ನು ಹೋಲಿಸಬಹುದು. ಭಾಮಿನಿಯ ಚಿಕ್ಕ ಸಾಲಿನಲ್ಲಿ ೧೪ ಮಾತ್ರೆ: ಬರಿಯ ಮಾತ್ರಾಪ್ರಸ್ತಾರದಿಂದ ೬೧೦ ರೂಪಗಳು, ಗಣವಿಭಾಗದಿಂದ ೨೨೫, ಲಗಾದಿಯ ನಿಷೇಧದಿಂದ ೬೪. ವಾರ್ಧಕದ ಚಿಕ್ಕ ಸಾಲಿನಲ್ಲಿ ಐದೈದು ಮಾತ್ರೆಯ ನಾಲ್ಕು ಗಣಗಳು, ೨೦ ಮಾತ್ರೆ: ಕ್ರಮವಾಗಿ ೧೦,೯೪೬, ೪,೦೯೬, ೧,೨೯೬. ಹತ್ತು ಸಾವಿರವನ್ನು ಮೀರಿದ ರೂಪರಾಶಿಯಲ್ಲಿ ಲಕ್ಷ್ಮೀಶನ ಒಂದು ಸಾಲಿಗೆ ತೆರೆದಿರುವುವು ಸುಮಾರು ಎಂಟನೆಯ ಒಂದು ಪಾಲು. ಕುಮಾರವ್ಯಾಸನ ಚಿಕ್ಕ ಸಾಲಿಗೆ ಹತ್ತನೆಯ ಒಂದು ಪಾಲು.

ಭಾಮಿನಿಯ ವಿಷಯದಲ್ಲಿ ಮತ್ತೊಂದು ಚಮತ್ಕಾರವುಂಟು. ಮೂರು ಮಾತ್ರೆಯ ಗಣಕ್ಕೆ ೨ ರೂಪಗಳು, ನಾಲ್ಕರದಕ್ಕೆ ೪. ಎರಡೂ ಎರಡರ ಘಾತಗಳೇ. ಪದ್ಯದ ಅರ್ಧದಲ್ಲಿ ಇಂತಹ ಏಳು ಜೋಡಿಗಳೂ ಕೊನೆಯಲ್ಲಿ ಒಂದು ಗುರುವೂ ಇರುವುದರಿಂದ, ಪೂರ್ಣಪದ್ಯದ ಹದಿನಾಲ್ಕು ಜೋಡಿಗಳಿಗೆ ಎರಡರ ೪೨ನೆಯ ಘಾತದಷ್ಟು, ಅಂದರೆ ೪೩,೯೮,೦೪,೬೫,೧೧,೧೦೪ ರೂಪಗಳಾಗುವುವು. ಭಾಮಿನಿಯ ಒಂದು ಪದ್ಯವೆಂದರೆ, ಗುರುಲಘುಗಳ ಮಟ್ಟಿಗೆ, 'ಇದೋ ಅದೋ' ಎಂಬ ನಾಲ್ವತ್ತೆರಡು ಆಯ್ಕೆಗಳು.

೭. ಯಂತ್ರವು ಹೇಳದಿರುವುದು

ಈ ಸಂಖ್ಯೆಯನ್ನು ಕಂಡು ಪಾಠವನ್ನು ಮುಗಿಸಿದರೆ ತಪ್ಪಾಗುವುದು. ಯಂತ್ರದ ಕೊರತೆಗಳು ಎರಡು ಬಗೆ. ಒಂದು ಬಗೆ ಅದರ ಸ್ವಂತದ್ದು. ಎಕ್ಸೆಲ್ ಒಂದು ಸಂಖ್ಯೆಯ ೧೫ ಅಂಕಿಗಳನ್ನು ಮಾತ್ರ ತೋರಿಸಬಲ್ಲುದು. ಬಿ ಕಂಬಸಾಲನ್ನು ೭೩ನೆಯ ಮಾತ್ರೆಯವರೆಗೆ ಎಳೆದು ಪೂರ್ಣಾಂಕಗಳಾಗಿ ನೋಡಿದರೆ, ೭೧ನೆಯದರ ಕೊನೆಯ ಅಂಕಿ ೪, ೭೨ನೆಯದರದು ೩. ಆದುದರಿಂದ ೭೩ನೆಯದು ೭ರಿಂದ ಮುಗಿಯಬೇಕು. ಸರಿಯಾದ ಸಂಖ್ಯೆ ೧೩೦೪೯೬೯೫೪೪೯೨೮೬೫೭. ಯಂತ್ರವು ತೋರಿಸುವುದಾದರೋ ೧೩೦೪೯೬೯೫೪೪೯೨೮೬೬೦. ಒಂದನೆಯ ತರಗತಿಯ ಕೂಡುವ ಲೆಕ್ಕದಿಂದ ಈ ದೋಷವನ್ನು ಹಿಡಿಯಬಹುದು. ಅಚ್ಚುಕಟ್ಟಾಗಿ ಕಾಣುವುದೆಲ್ಲ ಸರಿಯಲ್ಲವೆಂಬುದನ್ನು ವಿದ್ಯಾರ್ಥಿಯು ತಾನೇ ಕಂಡುಕೊಳ್ಳಲು ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಮತ್ತೊಂದು ಬಗೆಯ ಕೊರತೆ ಯಂತ್ರದ್ದಲ್ಲ, ಪ್ರಶ್ನೆಯದು. ಎರಡರ ೪೨ನೆಯ ಘಾತವು ಗಣಿತದಲ್ಲಿ ನಿರ್ದುಷ್ಟವಾಗಿದೆ. ಷಟ್ಪದಿಗೆ ಮಾತ್ರ ಅದು ಹೆಚ್ಚಾಯಿತು. ಏಕೆಂದರೆ ಆದಿಪ್ರಾಸವನ್ನು ಗಣನೆಗೆ ತೆಗೆದುಕೊಂಡಿಲ್ಲ. ಸಾಲುಗಳ ಎರಡನೆಯ ಅಕ್ಷರದ ವ್ಯಂಜನವು ಒಂದೇ ಆಗಿರಬೇಕೆಂಬುದರ ಜತೆಗೆ, ಅದರ ಹಿಂದಿನ ಮೊದಲಕ್ಷರವು ಎಲ್ಲ ಸಾಲುಗಳಲ್ಲಿಯೂ ಗುರುವಾದರೆ ಗುರುವೇ, ಲಘುವಾದರೆ ಲಘುವೇ ಆಗಿರಬೇಕು. ಭಾಮಿನಿಯ ಮೊದಲ ಗಣಕ್ಕೆ ಉಳಿದಿರುವ ರೂಪಗಳು ಗಲ, ಲಲಲ ಎಂಬ ಎರಡು. ಒಂದು ಗುರುವಿನಿಂದ, ಒಂದು ಲಘುವಿನಿಂದ ತೊಡಗುವುದು. ಮೊದಲ ಸಾಲಿನಲ್ಲಿ ಇವುಗಳಲ್ಲೊಂದನ್ನು ಆರಿಸಿದೊಡನೆಯೇ ಉಳಿದ ಐದು ಸಾಲುಗಳ ಮೊದಲ ಗಣಗಳು ನಿಶ್ಚಿತವಾಗಿಬಿಡುವುವು. ಐದು ಆಯ್ಕೆಗಳು ಕವಿಯ ಕೈತಪ್ಪಿದುವು. ಉಳಿದುವು ೩೭; ರೂಪಗಳು ೧,೩೭,೪೩,೮೯,೫೩,೪೭೨. ಪ್ರಾಸದ ಒಂದು ನಿಯಮವು ಮೂವತ್ತೆರಡರಲ್ಲಿ ಮೂವತ್ತೊಂದು ಪಾಲನ್ನು ಅಳಿಸಿಹಾಕಿತು.

ಈ ತಿದ್ದುಪಡಿಯನ್ನು ಯಂತ್ರವು ಎಂದಿಗೂ ಸೂಚಿಸುತ್ತಿರಲಿಲ್ಲ. ಗಣಿತವೊಂದನ್ನೇ ಬಲ್ಲವನಿಗೂ ಅದು ಹೊಳೆಯುತ್ತಿರಲಿಲ್ಲ. ಪದ್ಯವನ್ನು ಬಾಯಿಬಿಟ್ಟು ಓದಿ, ಪ್ರಾಸವನ್ನು ಕಿವಿಯಲ್ಲಿ ಹಿಡಿದಿಟ್ಟುಕೊಂಡವನಿಗೆ ಮಾತ್ರ ಆ ಪ್ರಶ್ನೆ ಏಳುವುದು. ಸಾಹಿತ್ಯದ ಉಪಾಧ್ಯಾಯನು ಈ ಪಾಠದಲ್ಲಿ ಅತಿಥಿಯಲ್ಲ, ಅಧಿಕಾರಿ ಎಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿಲ್ಲ.

೮. ಉಪಸಂಹಾರ

ಮೇಲೆ ವಿವರಿಸಿದ ಕ್ರಮವನ್ನು ಹೀಗೆ ಸಂಗ್ರಹಿಸಬಹುದು: ಮೊದಲು ಕೈಯಿಂದ ಪ್ರಸ್ತಾರ, ಬಳಿಕ ಊಹೆ, ಬಳಿಕ ಪ್ರಸ್ತಾರದ ಏರ್ಪಾಡಿನಲ್ಲಿಯೇ ಕಾರಣದ ದರ್ಶನ, ಅನಂತರವೇ ಕೋಷ್ಟಕ, ನಕ್ಷೆ, ಅವುಗಳಿಂದ ಹುಟ್ಟಿದ ಹೊಸ ಅಚ್ಚರಿ, ಆ ಅಚ್ಚರಿಗೆ ಮತ್ತೆ ಪದ್ಯದಲ್ಲಿಯೇ ಉತ್ತರ. ಯಂತ್ರವನ್ನು ಮೊದಲಿಗೆ ತಂದರೆ ವಿದ್ಯಾರ್ಥಿಯು ೭.೩ ಪ್ರಸ್ತಾರಗಳನ್ನೂ ಒಪ್ಪಿಕೊಂಡಾನು. ಅದನ್ನು ಕಡೆಗಣಿಸಿದರೆ, ಕಳೆಯುವ ಲೆಕ್ಕದಿಂದ ಇಮ್ಮಡಿಯ ಶ್ರೇಣಿ ಹೊರಡುವ ವಿಸ್ಮಯ ಅವನಿಗೆ ದೊರೆಯದೆಯೇ ಹೋದೀತು. ಹತ್ತಾರು ಸಾಲುಗಳನ್ನು ಕೈಯಿಂದ ಬರೆದು ಅದನ್ನು ಕಾಣುವಷ್ಟು ತಾಳ್ಮೆ ಎಲ್ಲರ ಪಾಲಿಗೂ ಬಂದುದಲ್ಲ.

ಮುಂದಿನ ಕೆಲಸವೂ ಇದರಲ್ಲಿಯೇ ಅಡಗಿದೆ. ನಿಯಮವು ತೆರೆದಿಟ್ಟ ರೂಪಗಳೆಷ್ಟೆಂಬುದು ತಿಳಿದ ಮೇಲೆ, ಕವಿಯು ಅವುಗಳಲ್ಲಿ ಯಾವುವನ್ನು ಹೆಚ್ಚಾಗಿ ಬಳಸಿದ್ದಾನೆ, ಯಾವುವನ್ನು ಮುಟ್ಟದೆ ಬಿಟ್ಟಿದ್ದಾನೆ, ಯುದ್ಧವರ್ಣನೆಯಲ್ಲಿಯೂ ಶೋಕದಲ್ಲಿಯೂ ಆಯ್ಕೆ ಬೇರೆಯಾಗುವುದೇ ಎಂಬುದನ್ನು ಪದ್ಯಪದ್ಯವಾಗಿ ಪ್ರಸ್ತಾರ ಹಾಕಿ ಕೋಷ್ಟಕದಲ್ಲಿ ದಾಖಲಿಸಬಹುದು. ಭಾಮಿನಿಯ ಒಂದು ಜೋಡಿಗೆ ಎಂಟೇ ರೂಪಗಳಾದುದರಿಂದ ಒಂದು ಸಂಧಿಯನ್ನು ಹಂಚಿಕೊಂಡು ಒಂದು ತರಗತಿಯೇ ಈ ಕಾರ್ಯವನ್ನು ನಿರ್ವಹಿಸಬಲ್ಲುದು. ನಿಯಮಕ್ಕೆ ಅಪವಾದವಾಗಿ ಕಂಡ ಗಣಗಳನ್ನು ಒಡನೆಯೇ ತಪ್ಪೆಂದು ತಳ್ಳದೆ, ಪಾಠಾಂತರಗಳೊಡನೆ ಹೋಲಿಸಿ ಬೇರೆಯಾಗಿ ಬರೆದಿಡತಕ್ಕದ್ದು. ಗ್ರಂಥಸಂಪಾದನೆಗೂ ಅದು ಪ್ರಯೋಜನಕ್ಕೆ ಬಂದೀತು.

ಸಂಖ್ಯೆಯು ಕವಿಗಿದ್ದ ಅವಕಾಶದ ಅಳತೆ. ಪದ್ಯವು ಆ ಅವಕಾಶದಲ್ಲಿ ಅವನು ಇಟ್ಟ ಹೆಜ್ಜೆ. ಅಳತೆಯನ್ನು ಯಂತ್ರವು ನಿಮಿಷಮಾತ್ರದಲ್ಲಿ ಮಾಡಿಕೊಡುವುದು. ಹೆಜ್ಜೆಯನ್ನು ಗುರುತಿಸುವುದಕ್ಕೆ ಓದುಗನೇ ಬೇಕು.